ಕಾಲುಚೀಲದ ಕಿಡಿ, ಶಿಡ್ಲಘಟ್ಟದ ರೇಷ್ಮೆ

ಜನವರಿ ಬಂತು ಅಂದ್ರೆ ನಮ್ಮ ಚಿಕ್ಕಬಳ್ಳಾಪುರ, ಗೌರಿಬಿದನೂರು ಕಡೆ ಗಾಳಿ ಒಣಗುತ್ತೆ. ರಾತ್ರಿ ಸ್ವೆಟರ್ ಬಿಚ್ಚಿದ್ರೆ ಚಟಪಟ ಸದ್ದು, ಕತ್ತಲಲ್ಲಿ ಸಣ್ಣ ಕಿಡಿ. ಈ ಕಿಡಿಯ ಇತಿಹಾಸದಲ್ಲಿ ರೇಷ್ಮೆಗೆ ದೊಡ್ಡ ಪಾತ್ರ ಇದೆ.

1729. ಇಂಗ್ಲೆಂಡಿನ ಸ್ಟೀಫನ್ ಗ್ರೇ ಗಾಜಿನ ಕೊಳವೆ ಉಜ್ಜಿ, ಆ ವಿದ್ಯುತ್ತನ್ನು ಉದ್ದನೆಯ ದಾರದಲ್ಲಿ ದೂರ ಸಾಗಿಸೋಕೆ ಹೊರಟ. ದಾರವನ್ನು ರೇಷ್ಮೆ ಎಳೆಗಳ ಮೇಲೆ ತೂಗುಹಾಕಿದ, ಕೆಲಸ ಆಯ್ತು. ರೇಷ್ಮೆ ತುಂಡಾದಾಗ ಹಿತ್ತಾಳೆ ತಂತಿ ಕಟ್ಟಿ ನೋಡಿದ. ವಿದ್ಯುತ್ತು ತುದಿ ತಲುಪಲೇ ಇಲ್ಲ, ತಂತಿಯಲ್ಲೇ ಸೋರಿಹೋಯ್ತು. ವಾಹಕ, ಅವಾಹಕ ಅನ್ನೋ ಭೇದ ಹೀಗೆ ಗೊತ್ತಾಯ್ತು.

ಮೂವತ್ತು ವರ್ಷದ ನಂತರ ರಾಬರ್ಟ್ ಸಿಮ್ಮರ್. ಬಿಳಿ, ಕಪ್ಪು ರೇಷ್ಮೆ ಕಾಲುಚೀಲ ಒಂದರ ಮೇಲೊಂದು ಹಾಕ್ತಿದ್ದ. ಬಿಚ್ಚಿ ಬೇರೆ ಮಾಡಿದ್ರೆ ಎರಡೂ ಒಳಗೆ ಕಾಲಿದ್ದಂತೆ ಉಬ್ಬೋವು, ಹತ್ತಿರ ತಂದ್ರೆ ಅಂಟಿಕೊಳ್ಳೋವು. ಒಂದೇ ಬಗೆಯ ವಿದ್ಯುತ್ತು ದೂರ ತಳ್ಳುತ್ತೆ, ಬೇರೆ ಬಗೆಯದ್ದು ಸೆಳೆಯುತ್ತೆ. ವಿದ್ಯುತ್ತಿನಲ್ಲಿ ಎರಡು ಬಗೆ ಇದೆ ಅಂತ 1759ರಲ್ಲಿ ವಾದಿಸಿದ.

ಹತ್ತಿ ಬಟ್ಟೆ ತೇವ ಹಿಡಿದಿಟ್ಟುಕೊಳ್ಳುತ್ತೆ, ವಿದ್ಯುತ್ತು ಸೋರಿಹೋಗುತ್ತೆ. ಪಾಲಿಯೆಸ್ಟರ್‌ನಲ್ಲಿ ತೇವ ನಿಲ್ಲಲ್ಲ, ಕಿಡಿ ಜಾಸ್ತಿ.

ಈಗ ನಮ್ಮೂರಿಗೆ ಬನ್ನಿ. ಗಾಜಿನ ಕಡ್ಡಿಯನ್ನು ರೇಷ್ಮೆ ಬಟ್ಟೆಯಿಂದ ಉಜ್ಜಿ ಅಂತ ಶಾಲೆ ಪಾಠ ಹೇಳುತ್ತೆ. ಶಿಡ್ಲಘಟ್ಟ, ಚಿಂತಾಮಣಿಯ ರೀಲರ್ ಮನೆ ಮಕ್ಕಳು ಅದನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೀತಾರೆ. ಬಿಸಿನೀರಲ್ಲಿ ಗೂಡು ಬೇಯಿಸಿ ನೂಲು ತೆಗೆಯೋದು ಅವರ ಅಪ್ಪ ಅಮ್ಮ. ಆ ನೂಲು ಸೀರೆಯಾಗಿ ಬೇರೆಯವರ ಮನೆ ಸೇರುತ್ತೆ. ಒಂದು ಗೇಣು ರೇಷ್ಮೆ ಬಟ್ಟೆ ಆ ಮಕ್ಕಳ ಕೈಗೆ ಕೊಟ್ಟು, ಪಾಠ ಅಲ್ಲಿಂದ ಶುರು ಮಾಡಿದ್ರೆ ಸಾಕು. ವಿಜ್ಞಾನ ಬೇರೆ ಯಾರದ್ದೋ ಅಂತ ಅವರಿಗೆ ಅನಿಸಲ್ಲ.