ದೂಧಸಾಗರ: ಹಳಿಗುಂಟ ಮೂಡಿದ ಚಾರಣದ ಹಾದಿ

ಮಾಂಡೋವಿ, ಅಂದರೆ ಮಹದಾಯಿ, ನದೀಕೊಳ್ಳದ ದೂಧಸಾಗರ ಜಲಪಾತ ಸುಮಾರು 310 ಮೀಟರ್ ಎತ್ತರದಿಂದ ಹಂತಹಂತವಾಗಿ ಇಳಿಯುತ್ತದೆ. ಕರ್ನಾಟಕದ ಗಡಿಗೆ ಅಂಟಿಕೊಂಡಂತೆ ಗೋವಾದ ದಟ್ಟ ಕಾಡಿನಲ್ಲಿರುವ ಇದನ್ನು ಹೊರಜಗತ್ತಿಗೆ ಹತ್ತಿರ ತಂದದ್ದು ರೈಲು.

ಮುರ್ಮುಗೋವಾ ಬಂದರನ್ನು ಬ್ರಿಟಿಷ್ ಆಳ್ವಿಕೆಯ ಒಳನಾಡಿಗೆ ಜೋಡಿಸಲು 1880ರ ದಶಕದಲ್ಲಿ ಘಟ್ಟದ ಮೇಲೆ ಮೀಟರ್ ಗೇಜ್ ಹಳಿ ಹಾಕಲಾಯಿತು. ಬಂಡೆ ಕೊರೆದು ಸುರಂಗ ಮಾಡಿ, ಕಣಿವೆಗಳಿಗೆ ಸೇತುವೆ ಕಟ್ಟಿ ಸಾಗಿಸಿದ ಈ ಮಾರ್ಗದ ಏರು ತೀರಾ ಕಡಿದಾದುದರಿಂದ ಹೆಚ್ಚುವರಿ ಎಂಜಿನ್ ಬೇಕಾಗುತ್ತಿತ್ತು. ಹಳಿ ಜಲಪಾತದ ಎದುರೇ ಸೇತುವೆಯ ಮೇಲೆ ಹಾದುಹೋಗುತ್ತದೆ. ಗೋವಾ ಪೋರ್ಚುಗೀಸರ ಕೈಯಲ್ಲಿದ್ದಷ್ಟು ಕಾಲ ಉತ್ತರ ಕನ್ನಡದ ಕ್ಯಾಸಲ್‌ರಾಕ್ ಗಡಿ ನಿಲ್ದಾಣವಾಗಿ ಸುಂಕದ ತಪಾಸಣೆಗೆ ಹೆಸರಾಗಿತ್ತು. 1961ರಲ್ಲಿ ಗೋವಾ ವಿಮೋಚನೆಯಾದ ಮೇಲೆ ಆ ಗಡಿ ಅಳಿಯಿತು.

ಮುಂದೆ ಜಲಪಾತದ ಸುತ್ತಲಿನ ಕಾಡು ಭಗವಾನ್ ಮಹಾವೀರ ವನ್ಯಜೀವಿಧಾಮವಾಯಿತು. ಅದರ ಒಳಭಾಗ ಮೊಲ್ಲೆಂ ರಾಷ್ಟ್ರೀಯ ಉದ್ಯಾನ. 1990ರ ದಶಕದಲ್ಲಿ ಹಳಿ ಬ್ರಾಡ್ ಗೇಜ್‌ಗೆ ಬದಲಾಯಿತು. ಕ್ಯಾಸಲ್‌ರಾಕ್‌ನಿಂದ ಇಳಿದು, ಇಲ್ಲವೇ ಗೋವಾದ ಕುಳೆಂ ನಿಲ್ದಾಣದಿಂದ ಏರಿ, ಹಳಿಗುಂಟ ನಡೆಯುವುದು ಚಾರಣಿಗರಲ್ಲಿ ರೂಢಿಯಾಯಿತು. 2013ರ ‘ಚೆನ್ನೈ ಎಕ್ಸ್‌ಪ್ರೆಸ್’ ಚಿತ್ರದಲ್ಲಿ ಕಾಣಿಸಿಕೊಂಡ ಬಳಿಕ ಜಲಪಾತದ ಖ್ಯಾತಿ ಇನ್ನಷ್ಟು ಹೆಚ್ಚಿತು.

ಕಿರಿದಾದ ಸುರಂಗಗಳಲ್ಲಿ ರೈಲು ಬಂದರೆ ಸರಿದು ನಿಲ್ಲಲು ಜಾಗ ಸಾಲದು. ಅಪಾಯ ಮನಗಂಡ ರೈಲ್ವೆ ಇಲಾಖೆ ಹಳಿಯ ಮೇಲಿನ ನಡಿಗೆಯನ್ನು ನಿಷೇಧಿಸಿದೆ. ಮಳೆ ಇಳಿದ ಮೇಲೆ ಕುಳೆಂನಿಂದ ಕಾಡಿನ ದಾರಿಯಲ್ಲಿ ಹೋಗುವ ಜೀಪುಗಳೇ ಈಗ ಪ್ರವಾಸಿಗರ ಮುಖ್ಯ ಆಸರೆ.