ಸಗಣಿಯಲ್ಲಿ ಉಳಿದ ಚರಿತ್ರೆ

ಸುವರ್ಣ ಮಹೋತ್ಸವದ ಸಂಚಿಕೆಗೆ ಇತಿಹಾಸದ ಲೇಖನ ಕೊಡಿ ಎಂದು ಸಮಿತಿಯವರು ಕೇಳಿದಾಗ, ಹರಿಹರೇಶ್ವರ ದೇವಾಲಯದ ಬಗ್ಗೆ ಬರೆಯುತ್ತೇನೆಂದು ಅವರು ತಿಳಿದಿರಬೇಕು. ನಾನು ಬರೆಯುತ್ತಿರುವುದು ಸಗಣಿಯ ಬಗ್ಗೆ. ನನಗೆ ಪಾಠ ಹೇಳಿದ ಗುರುಗಳು ಕ್ಷಮಿಸಬೇಕು.

ಹೈಸ್ಕೂಲಿನಲ್ಲಿದ್ದಾಗ ಸುಗ್ಗಿ ಮುಗಿದ ಮೇಲೆ ಅಪ್ಪನ ಜೊತೆ ಜೋಳದ ಚೀಲ ಹೇರಿದ ಗಾಡಿಯಲ್ಲಿ ದಾವಣಗೆರೆಯ ಮಂಡಿಪೇಟೆಗೆ ಹೋಗುತ್ತಿದ್ದೆ. ದಲಾಲಿ ಅಂಗಡಿಗಳ ಮುಂದೆ ಗಾಡಿಗಳ ಸಾಲು. ಬೆಳಗಾಗುವಷ್ಟರಲ್ಲಿ ಬೀದಿ ತುಂಬ ಸಗಣಿ, ಗಂಜಲ. ಹೆಂಗಸರು ಪುಟ್ಟಿ ತಂದು ಕುಳ್ಳು ತಟ್ಟಲು ಬಾಚಿಕೊಂಡು ಹೋಗುವರು. ಎಷ್ಟು ಬಾಚಿದರೂ ಒಂದಿಷ್ಟು ಮಣ್ಣಿಗೆ ಇಳಿದೇ ಇಳಿಯುತ್ತಿತ್ತು.

ಹೀಗೆ ಇಳಿದದ್ದು ಪೂರ್ತಿ ಅಳಿಯುವುದಿಲ್ಲ ಎನ್ನುವುದೇ ಈ ಲೇಖನಕ್ಕೆ ಕಾರಣ. ನಮ್ಮ ಕರುಳಿನ ಸೂಕ್ಷ್ಮಜೀವಿಗಳು ಕೊಲೆಸ್ಟ್ರಾಲನ್ನು ಕೊಪ್ರೊಸ್ಟನಾಲ್ ಎಂಬ ವಸ್ತುವಾಗಿ ಬದಲಿಸುತ್ತವೆ. ಹುಲ್ಲು ಮೇಯುವ ದನಕುರಿಗಳ ಹೊಟ್ಟೆಯಲ್ಲಿ ಸಸ್ಯದ ಕೊಬ್ಬಿನಿಂದ ಬೇರೊಂದು ವಸ್ತು ಹೆಚ್ಚಾಗಿ ಹುಟ್ಟುತ್ತದೆ. ಎರಡೂ ನೀರಿನಲ್ಲಿ ಕರಗುವುದಿಲ್ಲ, ಮಣ್ಣಿನ ಕಣಕ್ಕೆ ಅಂಟಿಕೊಂಡು ಸಾವಿರಾರು ವರ್ಷ ಇರಬಲ್ಲವು. ಪ್ರಯೋಗಾಲಯದಲ್ಲಿ ಅವುಗಳ ಪ್ರಮಾಣ ಹೋಲಿಸಿದರೆ ಅಲ್ಲಿ ಇದ್ದದ್ದು ಮನುಷ್ಯರೋ ದನಕರುಗಳೋ ತಿಳಿಯುತ್ತದೆ. ಅಮೆರಿಕದ ಕಹೋಕಿಯ ಎಂಬ ಹಳೆಯ ನಗರದ ಜನಸಂಖ್ಯೆ ಏರಿ ಇಳಿದದ್ದನ್ನು ಪಕ್ಕದ ಕೆರೆಯ ಹೂಳಿನಿಂದ ಹೀಗೆಯೇ ಗುರುತಿಸಿದರು. ಆ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಆದರೆ ದನದ್ದೋ ಕುರಿಯದೋ ಎಂದು ಬಿಡಿಸಿ ಹೇಳುವುದು ಕಷ್ಟ. ಅದಕ್ಕೆ ಮೂಳೆಯೇ ಬೇಕು.

ಸಗಣಿಯಿಂದ ಚರಿತ್ರೆ ಓದುವ ಕೆಲಸಕ್ಕೆ ನಮ್ಮ ನಾಡು ಹೊಸದಲ್ಲ. ಬಳ್ಳಾರಿ ಸೀಮೆಯ ಕುಡತಿನಿ, ಕುಪ್ಪಗಲ್ಲುಗಳ ಬೂದಿದಿಬ್ಬಗಳನ್ನು ಕಂಡವರು ಕಬ್ಬಿಣ ಕರಗಿಸಿದ ಕಿಟ್ಟವೆಂದರು, ಹೆಣ ಸುಟ್ಟ ಬೂದಿಯೆಂದರು. ಹಂಪಿಯ ಹತ್ತಿರದ ನಿಂಬಾಪುರದ ದಿಬ್ಬ ಇಂದಿಗೂ ಜನರ ಬಾಯಲ್ಲಿ ವಾಲಿಯ ಚಿತಾಭಸ್ಮ. ಇದು ದನದ ಸಗಣಿಯ ಬೂದಿ ಎಂದು ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೆಯ ಶತಮಾನದಲ್ಲೇ ಹೇಳಿದ್ದ. 1957ರಲ್ಲಿ ಆಲ್ಚಿನ್ ಅವರು ಉಟ್ನೂರಿನಲ್ಲಿ ಅಗೆದಾಗ ದೊಡ್ಡಿಯ ಬೇಲಿಗೆ ನೆಟ್ಟ ಗೂಟಗಳ ಕುಳಿಗಳೂ ದನಗಳ ಗೊರಸಿನ ಗುರುತುಗಳೂ ಸಿಕ್ಕವು. ನಾಲ್ಕು ಸಾವಿರ ವರ್ಷಗಳ ಹಿಂದಿನ ಗೊರಸು! ಇದನ್ನು ಓದಿದ ದಿನ ನನಗೆ ಮಂಡಿಪೇಟೆಯ ಕೆಸರೇ ನೆನಪಾಯಿತು. 1990ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಸುರಪುರ ಸೀಮೆಯ ಬೂದಿಹಾಳದಲ್ಲಿ ದನದ ದೊಡ್ಡಿಯನ್ನೂ ಅದರ ಬಳಿಯಲ್ಲೇ ಜನ ವಾಸಿಸಿದ ಜಾಗವನ್ನೂ ಬಯಲಿಗೆ ತಂದರು. ಸಗಣಿ ಗಾಜಿನಂತೆ ಕರಗುವಷ್ಟು ಬೆಂದ ಕಡೆ ಕೊಬ್ಬಿನ ಗುರುತು ಉಳಿಯದು. ಅದನ್ನು ಹುಡುಕಬೇಕಾದದ್ದು ಬೇಯದ ಪದರದಲ್ಲಿ, ಹಟ್ಟಿಯ ನೆಲದಲ್ಲಿ.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಹರಿಹರದಿಂದ ಹೊಳೆಯ ಮೇಲ್ಭಾಗದಲ್ಲಿ ಹಳ್ಳೂರು ಇದೆ. 1965ರಲ್ಲಿ ಎಂ.ಎಸ್. ನಾಗರಾಜರಾವ್ ಅಲ್ಲಿ ಉತ್ಖನನ ಮಾಡಿದರು. ಸಿಕ್ಕ ಮೂಳೆಗಳನ್ನು ಪಶುವೈದ್ಯ ಕೆ.ಆರ್. ಆಲೂರರು ನೋಡಿ, ಕೆಲವು ಕುದುರೆಯವು ಎಂದದ್ದು ವಿದ್ವಾಂಸರಲ್ಲಿ ದೊಡ್ಡ ಚರ್ಚೆಗೆ ಕಾರಣವಾಯಿತು. ತುಂಗಭದ್ರೆಯ ದಂಡೆಯಲ್ಲಿ ನಮ್ಮಂತೆಯೇ ದನ ಕಟ್ಟಿಕೊಂಡು ಬದುಕಿದವರು ಅವರು.

ಇನ್ನು ನಮ್ಮ ಮನೆಯ ಮಾತು. ನಮ್ಮೂರ ಹಾಳೂರು ದಿಬ್ಬದ ಬೂದುಮಣ್ಣು ಹೊಲಕ್ಕೆ ಒಳ್ಳೆಯ ಗೊಬ್ಬರವೆಂದು ಎಲ್ಲರೂ ಹೊಡೆಯುತ್ತಿದ್ದರು, ನಾವೂ ಹೊಡೆದೆವು. ಒಂದು ಬೇಸಿಗೆ ಪೂರ್ತಿ ಸಲಿಕೆ ಹಿಡಿದು ಗಾಡಿ ತುಂಬಿದವನು ನಾನೇ. ಆ ವರ್ಷ ಜೋಳ ಚೆನ್ನಾಗಿಯೇ ಬಂತು, ಸುಳ್ಳು ಹೇಳಬಾರದು. ಮಣ್ಣಿನ ಜೊತೆ ನುಣ್ಣಗೆ ಉಜ್ಜಿದ ಒಂದು ಕಲ್ಲಿನ ಕೊಡಲಿ ಬಂದಿತ್ತು. ಅಜ್ಜಿ ಅದನ್ನು ಬನ್ನಿಗಿಡದ ಕಟ್ಟೆಯ ಮೇಲಿಟ್ಟು ಕುಂಕುಮ ಹಚ್ಚಿದಳು. ಕೊಡಲಿ ಉಳಿಯಿತು. ಅದು ಯಾವ ಪದರದಲ್ಲಿತ್ತು, ಅದರ ಸುತ್ತಲಿನ ಮಣ್ಣಿನಲ್ಲಿ ಏನಿತ್ತು ಎಂಬುದೆಲ್ಲ ಎರಡೆಕರೆ ಹೊಲದಲ್ಲಿ ಚೆಲ್ಲಿ ಹೋಯಿತು.

ದಿಬ್ಬದ ಬಡಗಣ ಮೂಲೆಯಲ್ಲಿ ಬೇವಿನ ಮರ ಇದ್ದುದರಿಂದ ಅಷ್ಟು ಜಾಗವನ್ನು ಯಾರೂ ಅಗೆದಿಲ್ಲ. ಮೊನ್ನೆ ಊರಿಗೆ ಹೋದಾಗ ನೋಡಿದೆ, ಎರಡಾಳು ಎತ್ತರದ ಗೋಡೆಯಂತೆ ನಿಂತಿದೆ, ಬೂದು ಪದರ, ಕಪ್ಪು ಪದರ ಬರಿಗಣ್ಣಿಗೇ ಕಾಣುತ್ತವೆ. ಈಗಿನ ಮೇಷ್ಟ್ರು ಒಪ್ಪಿದರೆ ಹತ್ತನೇ ತರಗತಿಯ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸುತ್ತೇನೆ. ಸಲಿಕೆ ಮಾತ್ರ ಯಾರೂ ತರುವುದು ಬೇಡ.