ಆಟೊಮ್ಯಾಟಿಕ್ ಕಾರಿನ ಗೇರ್‌ಬಾಕ್ಸ್ ಆಯಿಲ್ ನಿಜಕ್ಕೂ ‘ಲೈಫ್‌ಟೈಮ್’ ಬರುತ್ತದೆಯೇ?

ಆಟೊಮ್ಯಾಟಿಕ್ ಕಾರು ಇಟ್ಟುಕೊಂಡವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮೂರು ಬಗೆಯ ಸಂದೇಶಗಳು ಸುತ್ತುತ್ತಿರುತ್ತವೆ. ಗೇರ್‌ಬಾಕ್ಸ್ ಆಯಿಲ್ ಜೀವಮಾನಪೂರ್ತಿ ಬರುತ್ತದೆ, ಮುಟ್ಟಲೇಬೇಡಿ ಎನ್ನುವುದು ಒಂದು. ಹಳೆಯ ಆಯಿಲ್ ತೆಗೆದರೆ ಗೇರ್‌ಬಾಕ್ಸೇ ಕೈಕೊಡುತ್ತದೆ ಎನ್ನುವುದು ಇನ್ನೊಂದು. ಬಣ್ಣ ಕಪ್ಪಾದ ಕೂಡಲೇ ಬದಲಿಸಿ ಎನ್ನುವುದು ಮೂರನೆಯದು. ಮೂರರಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ, ಅದಕ್ಕೇ ಜನ ನಂಬುತ್ತಾರೆ. ಆದರೆ ಹಿರೇಕೊಡಿಗೆ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಏರಿಳಿತದಲ್ಲಿ ಓಡುವ ಕಾರಿಗೆ ಮೊದಲನೆಯ ಸಲಹೆ ದುಬಾರಿಯಾಗಬಹುದು. ದೊಡ್ಡ ಆಸ್ಪತ್ರೆ ಬೇಕೆಂದರೆ ರಾತ್ರಿಯಲ್ಲೂ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗಬೇಕಾದ ಸೀಮೆ ಇದು. ಗೇರ್ ಕೈಕೊಡಬಾರದ ಜಾಗದಲ್ಲೇ ಕೈಕೊಟ್ಟರೆ ಕಷ್ಟ.

ಮೊದಲು ನಿಮ್ಮ ಗೇರ್‌ಬಾಕ್ಸ್ ಯಾವುದು ನೋಡಿ

ಕ್ಲಚ್ ಪೆಡಲ್ ಇಲ್ಲದ ಕಾರುಗಳೆಲ್ಲ ಒಂದೇ ಬಗೆಯವಲ್ಲ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಬಂದು ಹಳ್ಳಿಹಳ್ಳಿಗೂ ತಲುಪಿದ ಎಎಂಟಿ, ಅಂದರೆ ಮಾರುತಿಯವರು ಎಜಿಎಸ್ ಎನ್ನುವುದು, ಒಳಗಡೆ ಸಾಮಾನ್ಯ ಮ್ಯಾನ್ಯುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವ, ಗೇರ್ ಹಾಕುವ ಕೆಲಸವನ್ನು ಮಾತ್ರ ಯಂತ್ರ ಮಾಡುತ್ತದೆ. ಅದರಲ್ಲಿ ಎಟಿಎಫ್ ಎಂಬ ಕೆಂಪು ಆಯಿಲ್ ಇರುವುದಿಲ್ಲ. ಆದ್ದರಿಂದ ಈ ಲೇಖನದ ಬಹುಪಾಲು ಅದಕ್ಕೆ ಅನ್ವಯಿಸದು. ಟಾರ್ಕ್ ಕನ್ವರ್ಟರ್ ಇರುವ ಗಾಡಿಗೆ (ಇನ್ನೋವಾ ಕ್ರಿಸ್ಟಾ ಆಟೊಮ್ಯಾಟಿಕ್‌ನಂಥವು) ಎಟಿಎಫ್ ಬೇಕು. ಸಿವಿಟಿಗೆ ಸಿವಿಟಿಯದೇ ಆಯಿಲ್ ಬೇಕು. ಇವೆರಡನ್ನು ಒಂದರ ಬದಲು ಇನ್ನೊಂದು ಹಾಕಿದರೆ ಗೇರ್‌ಬಾಕ್ಸ್ ಹಾಳಾಗುತ್ತದೆ. ಡಬ್ಬದ ಮೇಲಿನ ಹೆಸರು ನಿಮ್ಮ ಕಾರಿನ ಪುಸ್ತಕದಲ್ಲಿ ಬರೆದ ಹೆಸರಿಗೆ ಹೊಂದಬೇಕು. ‘ಎಲ್ಲಕ್ಕೂ ನಡೆಯುತ್ತದೆ’ ಎಂಬ ಮಾತಿಗೆ ಒಪ್ಪಬೇಡಿ.

ಆಯಿಲ್ ಕೆಡುವುದು ಬಿಸಿಯಿಂದ

ಟಾರ್ಕ್ ಕನ್ವರ್ಟರ್‌ನಲ್ಲಿ ಎಂಜಿನ್ ಒಂದು ರೆಕ್ಕೆಚಕ್ರವನ್ನು ತಿರುಗಿಸುತ್ತದೆ, ಅದು ಚಿಮ್ಮಿಸುವ ಆಯಿಲ್ ಎದುರಿನ ಚಕ್ರವನ್ನು ತಿರುಗಿಸುತ್ತದೆ. ಸಮತಟ್ಟಾದ ಹೆದ್ದಾರಿಯಲ್ಲಿ ವೇಗ ಹಿಡಿದ ಮೇಲೆ ಲಾಕಪ್ ಕ್ಲಚ್ ಎರಡನ್ನೂ ಬೆಸೆದು ಒಟ್ಟಿಗೆ ತಿರುಗಿಸುವುದರಿಂದ ಬಿಸಿ ಕಡಿಮೆ. ಆಗುಂಬೆಯ 14 ತಿರುವುಗಳನ್ನು ಮನೆಮಂದಿಯನ್ನೆಲ್ಲ ತುಂಬಿಕೊಂಡು ನಿಧಾನ ಹತ್ತುವಾಗ ಆ ಬೆಸುಗೆ ಮತ್ತೆ ಮತ್ತೆ ಬಿಡುತ್ತದೆ. ಆಯಿಲ್ ಕಡೆದಂತಾಗಿ ಕಾಯುತ್ತದೆ. ತೋಟದ ಏರಿನಲ್ಲಿ ಕೆಸರಿಗೆ ಸಿಕ್ಕಿ ಆಕ್ಸಿಲರೇಟರ್ ಒತ್ತುತ್ತಲೇ ಇದ್ದರಂತೂ ಇನ್ನೂ ಹೆಚ್ಚು. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಆಯಿಲ್ ಕೆಡುವ ವೇಗ ಸುಮಾರು ದುಪ್ಪಟ್ಟಾಗುತ್ತದೆ ಎಂಬುದು ರಸಾಯನಶಾಸ್ತ್ರದ ಸ್ಥೂಲ ಲೆಕ್ಕ.

ಹಾಗಾದರೆ ‘ಲೈಫ್‌ಟೈಮ್’ ಎಂದರೆ ಯಾರ ಲೈಫ್? ಬಿಎಂಡಬ್ಲ್ಯು ಸೇರಿದಂತೆ ಹಲವು ಕಂಪನಿಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಝಡ್‌ಎಫ್ ತನ್ನ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗಳಿಗೆ 80,000ದಿಂದ 1,20,000 ಕಿ.ಮೀ. ಅಥವಾ 8 ವರ್ಷಕ್ಕೊಮ್ಮೆ ಆಯಿಲ್ ಬದಲಿಸಲು ಹೇಳುತ್ತದೆ. ಕಠಿಣ ಬಳಕೆಯಿದ್ದರೆ ಇನ್ನೂ ಬೇಗ. ಕಾರು ಮಾರುವವರು ‘ಲೈಫ್‌ಟೈಮ್’ ಅಂದರೂ ಗೇರ್‌ಬಾಕ್ಸ್ ಮಾಡಿದವರೇ ಹೀಗೆ ಹೇಳುತ್ತಾರೆ.

ನಿಮ್ಮ ಕಾರಿನ ಸರ್ವಿಸ್ ಪುಸ್ತಕದಲ್ಲಿ ಸಾಮಾನ್ಯ ಬಳಕೆಯ ಪಟ್ಟಿಯ ಜೊತೆಗೆ ‘ಸಿವಿಯರ್’ ಬಳಕೆಯ ಪಟ್ಟಿಯೂ ಇದೆಯೇ ನೋಡಿ. ಗುಡ್ಡಗಾಡು, ಪದೇ ಪದೇ ಸಣ್ಣ ದೂರದ ಓಡಾಟ, ಭಾರ ಎಳೆಯುವುದು ಸಾಮಾನ್ಯವಾಗಿ ಅದರಲ್ಲಿ ಬರುತ್ತವೆ. ಮಲೆನಾಡಿನ ಕಾರಿಗೆ ಆ ಪಟ್ಟಿಯೇ ಸರಿ. ಪುಸ್ತಕ ಏನನ್ನೂ ಹೇಳದಿದ್ದರೆ, ಟಾರ್ಕ್ ಕನ್ವರ್ಟರ್ ಗಾಡಿಗೆ 50,000–60,000 ಕಿ.ಮೀ. ಆಸುಪಾಸಿನಲ್ಲಿ ಬದಲಿಸುವುದು ನಮ್ಮ ಅಭಿಪ್ರಾಯದಲ್ಲಿ ಅತಿಯಲ್ಲ.

ಬಣ್ಣ ನೋಡಿ ತೀರ್ಮಾನಿಸಬಹುದೇ?

ಪೂರ್ತಿ ಅಲ್ಲ. ಎಟಿಎಫ್‌ಗೆ ಕೆಂಪು ಬಣ್ಣ ಬೆರೆಸುವುದು ಸೋರಿದಾಗ ಎಂಜಿನ್ ಆಯಿಲ್‌ನಿಂದ ಬೇರೆ ಎಂದು ಗುರುತಿಸಲು. ಆಯಿಲ್ ಇನ್ನೂ ಚೆನ್ನಾಗಿರುವಾಗಲೇ ಆ ಬಣ್ಣ ಮಾಸಬಹುದು. ಸುಟ್ಟ ವಾಸನೆ ಬಂದರೆ ಅದು ಗಟ್ಟಿ ಸುಳಿವು. ಡಿ ಗೆ ಹಾಕಿದ ಮೇಲೆ ಗಾಡಿ ತಡವಾಗಿ ಕದಲುವುದು, ಗೇರ್ ಬದಲಾಗುವಾಗ ಎಂಜಿನ್ ಸುಮ್ಮನೆ ಅರಚುವುದು, ಎಳೆದಾಡುವುದು ಕಂಡರೆ ಕಾಯಬೇಡಿ, ತೋರಿಸಿ.

ಇಲ್ಲೇ ಎರಡನೇ ಸಂದೇಶದ ಮೂಲವೂ ಇದೆ. ಅನೇಕರು ಆಯಿಲ್ ಬದಲಿಸಲು ಹೋಗುವುದೇ ಗೇರ್ ಜಾರಲು ಶುರುವಾದ ಮೇಲೆ. ಅಷ್ಟು ಹೊತ್ತಿಗೆ ಒಳಗಿನ ಕ್ಲಚ್ ಪ್ಲೇಟುಗಳು ಸವೆದಿರುತ್ತವೆ. ಹೊಸ ಆಯಿಲ್ ಸವೆದ ಪ್ಲೇಟನ್ನು ಮತ್ತೆ ಬೆಳೆಸದು. ಮುಂದಿನ ತಿಂಗಳು ಗೇರ್‌ಬಾಕ್ಸ್ ಹೋದರೆ ಅಪವಾದ ಹೊಸ ಆಯಿಲ್ ಮೇಲೆ ಬರುತ್ತದೆ. ಹೆಚ್ಚು ಓಡಿದ, ಒಮ್ಮೆಯೂ ಬದಲಿಸದ ಗಾಡಿಗೆ ಒತ್ತಡದಿಂದ ತೊಳೆಯುವ ಯಂತ್ರ ಹಚ್ಚಿಸುವ ಬದಲು, ಕೆಳಗಿನಿಂದ ಇಳಿಸಿ ಅಷ್ಟೇ ತುಂಬಿಸುವುದು ಮೇಲು. ಹೀಗೆ ಮಾಡಿದರೆ ಅರ್ಧದಷ್ಟು ಹಳೆಯದು ಕನ್ವರ್ಟರ್‌ನಲ್ಲೇ ಉಳಿಯುತ್ತದೆ, ಆದ್ದರಿಂದ ಕೆಲವು ಸಾವಿರ ಕಿ.ಮೀ. ಬಿಟ್ಟು ಇನ್ನೊಮ್ಮೆ ಮಾಡಿಸಬಹುದು. ತಳದ ತಟ್ಟೆಯಲ್ಲಿರುವ ಅಯಸ್ಕಾಂತವನ್ನು ನಿಮ್ಮೆದುರೇ ತೋರಿಸಲು ಮೆಕ್ಯಾನಿಕ್‌ಗೆ ಹೇಳಿ. ಅದಕ್ಕೆ ನುಣ್ಣನೆಯ ಬೂದು ಪೇಸ್ಟ್ ಅಂಟಿದ್ದರೆ ಸಹಜ. ಕೈಗೆ ಚುಚ್ಚುವ ಲೋಹದ ಚೂರುಗಳಿದ್ದರೆ ಆಯಿಲ್‌ನಿಂದ ಪರಿಹಾರವಿಲ್ಲ.

ಮಳೆಗಾಲದ ಒಂದು ವಿಷಯ

ಕಿಲೋಮೀಟರ್ ಲೆಕ್ಕವನ್ನೆಲ್ಲ ಪಕ್ಕಕ್ಕಿಟ್ಟು ತಕ್ಷಣ ತೋರಿಸಬೇಕಾದ ಸಂದರ್ಭ ಒಂದಿದೆ: ರಸ್ತೆಯ ಮೇಲೆ ಹರಿಯುವ ಹಳ್ಳದ ನೀರಿನಲ್ಲಿ ಗಾಡಿ ಆಳಕ್ಕೆ ಇಳಿದದ್ದು. ಗೇರ್‌ಬಾಕ್ಸ್‌ಗೆ ಉಸಿರಾಡಲು ಒಂದು ಸಣ್ಣ ಕೊಳವೆ ಇರುತ್ತದೆ. ಕಾದ ಗೇರ್‌ಬಾಕ್ಸ್ ತಣ್ಣೀರಿಗೆ ಬಿದ್ದು ಕುಗ್ಗಿದಾಗ ಅದರ ಮೂಲಕ ನೀರು ಒಳಗೆ ಎಳೆದುಕೊಳ್ಳಬಹುದು. ಆಗ ಆಯಿಲ್ ರೋಸ್ ಮಿಲ್ಕ್‌ನಂತೆ ಗುಲಾಬಿ ಹಾಲಾಗುತ್ತದೆ. ಕ್ಲಚ್ ಪ್ಲೇಟಿನ ಲೈನಿಂಗ್ ಹಿಡಿದಿರುವ ಅಂಟು ನೀರಿಗೆ ಬಿಡುತ್ತದೆ. ರೇಡಿಯೇಟರ್‌ನೊಳಗಿನ ಆಯಿಲ್ ಕೂಲರ್ ಸೋರಿ ಕೂಲೆಂಟ್ ಬೆರೆತರೂ ಇದೇ ಬಣ್ಣ. ಅಂಥ ಗಾಡಿಯನ್ನು ‘ಕೊಪ್ಪದವರೆಗೆ ಅಷ್ಟೇ’ ಎಂದೂ ಓಡಿಸಬೇಡಿ.

ಹಾಗೆಂದು ಜೀಪಿಗೆ ಹಗ್ಗ ಕಟ್ಟಿ ಎಳೆಸುವುದೂ ಸರಿಯಲ್ಲ. ಎಂಜಿನ್ ನಿಂತಿರುವಾಗ ಆಯಿಲ್ ಪಂಪ್ ತಿರುಗುವುದಿಲ್ಲ, ಚಕ್ರ ಉರುಳಿದಂತೆ ಒಳಭಾಗಗಳು ಆಯಿಲ್ ಇಲ್ಲದೆ ಉಜ್ಜುತ್ತವೆ. ಲಾರಿಯ ಮೇಲೆ ಹೇರಿಸಿ, ಅಥವಾ ಗಾಡಿ ಎಳೆಯುವ ಎರಡು ಚಕ್ರಗಳು ನೆಲ ಮುಟ್ಟದಂತೆ ಎತ್ತಿಸಿ ಸಾಗಿಸಿ. ನಾಲ್ಕೂ ಚಕ್ರ ಎಳೆಯುವ ಗಾಡಿಯಾದರೆ ಲಾರಿಯೇ ಗತಿ.